ಗೊಂಬೆಗೆ ತೊಡಿಸಿದ ಬಾಹ್ಯಾಕಾಶದ ಅಂಗಿ ಯಾರದ್ದು?

2025ರ ಜೂನ್‌ನಲ್ಲಿ ಡಿಸ್ನಿ ಮತ್ತು ಯೂನಿವರ್ಸಲ್ ಸೇರಿಕೊಂಡು ಮಿಡ್‌ಜರ್ನಿ ಎಂಬ ಎಐ ಕಂಪನಿಯ ಮೇಲೆ ಲಾಸ್ ಏಂಜಲೀಸ್‌ನಲ್ಲಿ ಕೇಸು ಹಾಕಿದವು. ನಮ್ಮನ್ನು ಕೇಳದೆ ನಮ್ಮ ಪಾತ್ರಗಳ ಚಿತ್ರ ಮಾಡಿ ಕೊಡುತ್ತಿದ್ದೀರಿ ಅನ್ನೋದು ದೂರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅದೇ ಡಿಸ್ನಿ ಓಪನ್‌ಎಐ ಎಂಬ ಇನ್ನೊಂದು ಎಐ ಕಂಪನಿ ಜೊತೆ ಒಪ್ಪಂದ ಘೋಷಿಸಿತು. ಸ್ಟಾರ್ ವಾರ್ಸ್ ಸೇರಿದಂತೆ 200ಕ್ಕೂ ಹೆಚ್ಚು ಪಾತ್ರಗಳನ್ನು, ಅವುಗಳ ಉಡುಪು, ಸಲಕರಣೆ, ವಾಹನಗಳ ಸಮೇತ ಬಳಸಿ ಜನ ಎಐ ವಿಡಿಯೊ ಮಾಡಿಕೊಳ್ಳಬಹುದು, ಆದರೆ ನಟರ ಮುಖ ಮತ್ತು ಧ್ವನಿ ಮಾತ್ರ ಈ ಒಪ್ಪಂದದಲ್ಲಿ ಇಲ್ಲ ಎಂದು ಆಗ ಹೇಳಲಾಯಿತು.

ಇಂಥ ಒಪ್ಪಂದಗಳು ಬರುತ್ತವೆ, ಹೋಗುತ್ತವೆ. ಆದರೆ ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲ ಆಗದೇ ಇರದು. ಯಂತ್ರಕ್ಕೆ ಹೇಳಿ ಬರೆಸಿದ ಉಡುಪು ಒಂದು ಕಡೆ ತಪ್ಪು, ಇನ್ನೊಂದು ಕಡೆ ಸರಿ. ಹಾಗಾದರೆ ಅದೇ ಉಡುಪನ್ನು ಕೈಯಾರೆ ಬರೆದು, ದುಡ್ಡೂ ತೆಗೆದುಕೊಳ್ಳದೆ ಹಂಚುವವರು ಯಾವ ಕಡೆಗೆ ಸೇರುತ್ತಾರೆ?

ಮುಂಬೈ ಪಕ್ಕದ ಡೊಂಬಿವಲಿಯ ಒಂದು ಕನ್ನಡ ಮನೆಯನ್ನು ಅಂದುಕೊಳ್ಳಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಮಗಳು ರಾತ್ರಿ ಟ್ಯಾಬ್ಲೆಟ್ ಹಿಡಿದು ಸೈನ್ಸ್ ಫಿಕ್ಷನ್ ಸರಣಿಗಳ ಉಡುಪು ಬರೆದು, ಪರದೆಯ ಮೇಲೆ ಬಟ್ಟೆ ತೊಡಿಸಿ ಆಡುವ ಡ್ರೆಸ್ ಅಪ್ ಗೊಂಬೆ ಮಾಡಿ ಬಿಟ್ಟಿಯಾಗಿ ಹಂಚುತ್ತಾಳೆ. ಒಂದು ದಿನ ಕಾಪಿರೈಟ್ ನೋಟಿಸ್ ಬಂದು ಗೊಂಬೆ ಮಾಯ ಆಗುತ್ತದೆ. ಪೊಲೀಸ್ ಬರ್ತಾರಾ ಅಂತ ಅಮ್ಮನಿಗೆ ಹೆದರಿಕೆ. 'ಸುಮ್ನೆ ಆಟ, ಯಾರೂ ಏನೂ ಮಾಡಲ್ಲ ಬಿಡಕ್ಕಾ' ಅಂತ ಸೋದರಮಾವನ ಸಮಾಧಾನ. ಇಬ್ಬರೂ ಹೇಳುವುದರಲ್ಲಿ ಸ್ವಲ್ಪ ಸ್ವಲ್ಪ ನಿಜ ಇದೆ. ಎಷ್ಟು ಎಂದು ನೋಡೋಣ.

ಈ ಗೊಂಬೆಗಳ ಹಿನ್ನೆಲೆ

ಒಂದು ಮೈ, ಅದರ ಮೇಲೆ ತೊಡಿಸಿ ತೆಗೆಯಬಹುದಾದ ಬಟ್ಟೆಗಳು. ಪ್ರತಿ ಬಟ್ಟೆಯೂ ಬೇರೆ ಲೇಯರ್, ಅಂದರೆ ಪದರ. ಒಳಗಿನ ಅಂಗಿ ಕೆಳಗೆ, ಕೋಟು ಮೇಲೆ, ಬೆಲ್ಟ್ ಅದರ ಮೇಲೆ. 1991ರಲ್ಲಿ ಜಪಾನಿನಲ್ಲಿ ಕಿಸೆಕಾಎ ಸೆಟ್ ಸಿಸ್ಟಮ್, ಚಿಕ್ಕದಾಗಿ ಕಿಸ್ ಎಂಬ ತಂತ್ರಾಂಶ ಬಂತು. ಆಗ ಒಂದು ಪ್ಯಾಲೆಟ್‌ಗೆ ಬರೀ 16 ಬಣ್ಣ. ಆಮೇಲೆ ಗೊಂಬೆ ಕಣ್ಣು ಮಿಟುಕಿಸುವ ಹಾಗೆ, ಒಂದು ಬಟ್ಟೆ ಮುಟ್ಟಿದರೆ ಇನ್ನೊಂದು ಬದಲಾಗುವ ಹಾಗೆ ಮಾಡುವ ಸೌಲಭ್ಯಗಳು ಸೇರಿದವು. ಅದರ ನಂತರ ಫ್ಲ್ಯಾಶ್ ಎಂಬ ತಂತ್ರಾಂಶದ ಕಾಲ. ಬ್ರೌಸರಿನಲ್ಲೇ ಎಳೆದು ತೊಡಿಸುವ ಗೊಂಬೆಗಳು ರಾಶಿರಾಶಿ ಬಂದವು. 2018ರಲ್ಲಿ ಜಪಾನಿನಲ್ಲೇ ಶುರುವಾದ ಪಿಕ್ರೂ ಎಂಬ ತಾಣ ಈ ಆಟವನ್ನು ಮೊಬೈಲ್ ಪೀಳಿಗೆಗೆ ತಲುಪಿಸಿತು.

ಗೊಂಬೆ ಯಾವುದೇ ಇರಲಿ, ಅದಕ್ಕೆ ತೊಡಿಸಲು ಫ್ಯಾನ್‌ಗಳು ಮೊದಲಿನಿಂದಲೂ ಆರಿಸಿಕೊಂಡ ಬಟ್ಟೆಗಳಲ್ಲಿ ಸೈನ್ಸ್ ಫಿಕ್ಷನ್ ಟೀವಿಯ ಸಮವಸ್ತ್ರಗಳಿಗೆ ದೊಡ್ಡ ಜಾಗ ಇದೆ. ಯಾಕೆಂದರೆ ಅಲ್ಲಿ ಬಟ್ಟೆಯೇ ಅರ್ಧ ಕಥೆ ಹೇಳುತ್ತದೆ. ಯಾವ ಗ್ರಹದವರು, ಯಾವ ಹುದ್ದೆ, ಯಾವ ಕಾಲ, ಎಲ್ಲ ಬಟ್ಟೆಯಲ್ಲೇ ಇದೆ.

ಇದರಲ್ಲಿ ಎಷ್ಟು ಕೆಲಸ ಇದೆ

ಹೊರಗಿನವರಿಗೆ ಇದು ನಕಲು ಹೊಡೆಯುವ ಕೆಲಸದಂತೆ ಕಾಣಬಹುದು. ಹತ್ತಿರದಿಂದ ನೋಡಿದರೆ ಹಾಗಲ್ಲ.

1966ರಲ್ಲಿ ಶುರುವಾದ ಮೊದಲ ಸ್ಟಾರ್ ಟ್ರೆಕ್ ಸರಣಿಯನ್ನೇ ತಗೊಳ್ಳಿ. ವಿಲಿಯಂ ವೇರ್ ಥೈಸ್ ಅದರ ಉಡುಪು ವಿನ್ಯಾಸಕ. ಕ್ಯಾಪ್ಟನ್ ಕರ್ಕ್ ತೊಟ್ಟ ವೆಲೂರ್ (ಮಖಮಲ್ಲಿನಂಥ ಬಟ್ಟೆ) ಅಂಗಿ ನಿಜದಲ್ಲಿ ಹಸಿರು ಛಾಯೆಯದ್ದು, ಸ್ಟುಡಿಯೊ ಬೆಳಕಿನಲ್ಲಿ ಫಿಲ್ಮ್ ಮೇಲೆ ಅದು ಹೊಂಬಣ್ಣವಾಗಿ ಕಂಡಿತು, ಪ್ರೇಕ್ಷಕರ ಮನಸ್ಸಿನಲ್ಲಿ ಹೊಂಬಣ್ಣವೇ ಉಳಿಯಿತು. ಈಗ ಗೊಂಬೆ ಮಾಡುವವರು ಯಾವ ಬಣ್ಣ ತುಂಬಬೇಕು? ದರ್ಜಿ ಕಂಡದ್ದೋ, ನಾವು ಕಂಡದ್ದೋ? ವೆಲೂರ್ ಬಟ್ಟೆ ಒಗೆತಕ್ಕೆ ಕುಗ್ಗುತ್ತದೆ ಎಂದು ಮೂರನೇ ಸೀಸನ್‌ನಲ್ಲಿ ಬಟ್ಟೆಯನ್ನೇ ಬದಲಿಸಿದರು. ಅಂದರೆ ಮಡಿಕೆ ಬೀಳುವ ರೀತಿಯೂ ಬದಲಾಯಿತು. ಆಮೇಲೆ ಬಂದ 'ನೆಕ್ಸ್ಟ್ ಜನರೇಷನ್' ಎಂಬ ಸ್ಟಾರ್ ಟ್ರೆಕ್ ಸರಣಿಯಲ್ಲಿ ಮೊದಲು ಮೈಗಂಟಿದ ಸ್ಪ್ಯಾಂಡೆಕ್ಸ್ ಉಡುಪಿತ್ತು. ನಟರಿಗೆ ಅದು ತೀರಾ ಕಷ್ಟವಾಯಿತು. ಮೂರನೇ ಸೀಸನ್‌ನಿಂದ ರಾಬರ್ಟ್ ಬ್ಲ್ಯಾಕ್‌ಮನ್ ಬಂದು ಎರಡು ತುಂಡಿನ ಉಣ್ಣೆಯ ಸಮವಸ್ತ್ರ ಮಾಡಿದರು. ಅದು ಮೇಲೆ ಸರಿಯುತ್ತಿತ್ತು, ಹಾಗಾಗಿ ಕ್ಯಾಪ್ಟನ್ ಪಿಕಾರ್ಡ್ ಎದ್ದಾಗಲೆಲ್ಲ ಅಂಗಿ ಕೆಳಗೆ ಎಳೆದುಕೊಳ್ಳುವುದು ಆ ಪಾತ್ರದ ಗುರುತೇ ಆಯಿತು.

ಈ ಎಲ್ಲವನ್ನೂ ಸೀಸನ್‌ವಾರು, ಹೊಲಿಗೆವಾರು ಬೇರೆ ಬೇರೆ ಲೇಯರ್ ಮಾಡಿ ಒಂದು ಗೊಂಬೆಯಲ್ಲಿ ಕೂಡಿಸುವುದು ಅಂದರೆ ಅದೊಂದು ಉಡುಪಿನ ಇತಿಹಾಸ. ತೆರೆಯ ಮೇಲೆ ಬೆನ್ನು ಕಾಣದ ಬಟ್ಟೆಗೆ ಬೆನ್ನು ಹೇಗಿರಬಹುದು ಎಂದು ಊಹಿಸಬೇಕು. ಗೊಂಬೆಯ ಮೈಗೆ ಕೂರುವ ಹಾಗೆ ಮಡಿಕೆಗಳನ್ನು ಹೊಸದಾಗಿ ಬರೆಯಬೇಕು.

ನಮ್ಮ ದೇಶದ ಟೀವಿಗೆ ಇದು ಇನ್ನೂ ಜಾಸ್ತಿ ಮುಖ್ಯ. 1998ರಲ್ಲಿ ದೂರದರ್ಶನದಲ್ಲಿ ಬಂದ ಕ್ಯಾಪ್ಟನ್ ವ್ಯೋಮ್ ನೆನಪಿದೆಯಾ? ಕೇತನ್ ಮೆಹ್ತಾ ನಿರ್ದೇಶನ, ಮಿಲಿಂದ್ ಸೋಮನ್ ನಾಯಕ. ಆ ಉಡುಪುಗಳನ್ನು ಹೊಲಿಗೆ ಸಮೇತ ದಾಖಲಿಸುವ ಕೆಲಸವನ್ನು ಯಾರು ಮಾಡಬೇಕು? ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ, ಫಿಲ್ಮ್ ಕಾಪಾಡುವುದು ಅದರ ಮುಖ್ಯ ಕೆಲಸ. ಬಟ್ಟೆಯ ವಿಷಯದಲ್ಲಿ ನಾವು ತುಂಬಾ ಹಿಂದೆ. ಭಾರತಕ್ಕೆ ಮೊದಲ ಆಸ್ಕರ್ ತಂದ ಭಾನು ಅಥೈಯಾ ಅವರು ಉಡುಪು ವಿನ್ಯಾಸಕ್ಕಾಗಿಯೇ ಅದನ್ನು ಗೆದ್ದವರು, ಮುಂಬೈಯಲ್ಲಿ ಬದುಕಿದವರು. 2012ರಲ್ಲಿ ಆ ಪ್ರಶಸ್ತಿಯನ್ನು ಜೋಪಾನವಾಗಿ ಇಡಲು ಅವರು ಅಮೆರಿಕದ ಅಕಾಡೆಮಿಗೇ ಮರಳಿಸಿದರು. ದೇಶಕ್ಕೆ ಬಂದ ಇಷ್ಟು ದೊಡ್ಡ ಗೌರವದ ಪಾಡೇ ಹೀಗಾದರೆ, ಒಂದು ಟೀವಿ ಧಾರಾವಾಹಿಯ ಅಂಗಿಯನ್ನು ನೆನಪಿಡುವವರು ಫ್ಯಾನ್‌ಗಳು ಬಿಟ್ಟರೆ ಬೇರೆ ಯಾರು?

ಕಾನೂನು ಕೇಳುವ ಮೂರು ಪ್ರಶ್ನೆಗಳು

ಗೊಂದಲದ ಮೂಲ ಇರುವುದು ಇಲ್ಲಿ. ನಾವು ಒಂದೇ ಉಡುಪು ನೋಡುತ್ತೇವೆ. ಕಾನೂನು ಅದರಲ್ಲಿ ಬಟ್ಟೆ, ಚಿತ್ರ, ಮುಖ ಎಂದು ಮೂರು ಬೇರೆ ವಿಷಯ ನೋಡುತ್ತದೆ.

ಮೊದಲು ಬಟ್ಟೆ. ಅಂಗಿ ಅನ್ನೋದು ಉಪಯೋಗದ ವಸ್ತು, ಅದರ ಕತ್ತರಿಕೆಗೆ ಸುಲಭಕ್ಕೆ ಕಾಪಿರೈಟ್ ಸಿಗಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಚಿಯರ್‌ಲೀಡರ್ ಉಡುಪುಗಳ ಕೇಸಿನಲ್ಲಿ, ಬಟ್ಟೆಯ ಮೇಲಿನ ವಿನ್ಯಾಸವನ್ನು ಬಟ್ಟೆಯಿಂದ ಬೇರೆಯಾಗಿ ಕಲ್ಪಿಸಿಕೊಳ್ಳಲು ಸಾಧ್ಯವಿದ್ದರೆ ಆ ವಿನ್ಯಾಸಕ್ಕೆ ಕಾಪಿರೈಟ್ ಇರಬಹುದು ಎಂದಿತು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2011ರಲ್ಲಿ ಸ್ಟಾರ್ ವಾರ್ಸ್‌ನ ಸ್ಟಾರ್ಮ್‌ಟ್ರೂಪರ್ ಹೆಲ್ಮೆಟ್ ಶಿಲ್ಪವಲ್ಲ, ಆದ್ದರಿಂದ ಅಲ್ಲಿ ಅದಕ್ಕೆ ಆ ರಕ್ಷಣೆ ಇಲ್ಲ ಎಂದಿತು. ಅಂದರೆ ಒಂದೇ ವೇಷಕ್ಕೆ ದೇಶಕ್ಕೊಂದು ಉತ್ತರ.

ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆಯ 15ನೇ ಕಲಮು ಇದೆ. ನೋಂದಾಯಿಸಬಹುದಾದ ಆದರೆ ನೋಂದಾಯಿಸದ ವಿನ್ಯಾಸವನ್ನು ಹಕ್ಕುದಾರರೇ ಅಥವಾ ಅವರ ಅನುಮತಿಯಿಂದ ಬೇರೆಯವರು ಕೈಗಾರಿಕಾ ಪ್ರಕ್ರಿಯೆಯಲ್ಲಿ 50ಕ್ಕಿಂತ ಹೆಚ್ಚು ಸಲ ವಸ್ತುವಾಗಿ ಮಾಡಿದರೆ, ಆ ವಿನ್ಯಾಸದ ಕಾಪಿರೈಟ್ ಮುಗಿಯುತ್ತದೆ. ಇದೇ ನಿಯಮದಡಿ ದೆಹಲಿ ಹೈಕೋರ್ಟ್ 2008ರಲ್ಲಿ ತಹಿಲಿಯಾನಿ ಡಿಸೈನ್ ಎಂಬ ಫ್ಯಾಷನ್ ಕಂಪನಿಯ ಪರ ನಿಂತಿತು, ಏಕೆಂದರೆ ಅಲ್ಲಿ ಬಟ್ಟೆಗಳ ಸಂಖ್ಯೆ 50 ದಾಟಿರಲಿಲ್ಲ. 2016ರಲ್ಲಿ ರಿತಿಕಾ ಮತ್ತು ಬೀಬಾ ಎಂಬ ಬಟ್ಟೆ ಕಂಪನಿಗಳ ನಡುವಿನ ಕೇಸಿನಲ್ಲಿ ಸಂಖ್ಯೆ ದಾಟಿತ್ತು, ಕಾಪಿರೈಟ್ ಉಳಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕ್ರಯೋಗ್ಯಾಸ್ ಕೇಸಿನಲ್ಲಿ ಇನ್ನೊಂದು ಮಾತು ಸೇರಿಸಿತು. ಅದು ಮೂಲತಃ ಕಲಾಕೃತಿಯೋ, ಉಪಯೋಗಕ್ಕೆ ಮಾಡಿದ ವಿನ್ಯಾಸವೋ ಎಂದು ಮೊದಲು ನೋಡಬೇಕು. ಇದರ ಪರಿಣಾಮ ಸ್ವಲ್ಪ ವಿಚಿತ್ರ. ಅಂಗಡಿಯಲ್ಲಿ ಸಾವಿರಗಟ್ಟಲೆ ಮಾರಿದ ವೇಷದ ವಿನ್ಯಾಸಕ್ಕೆ ಇಲ್ಲಿ ರಕ್ಷಣೆ ಕಡಿಮೆ ಆಗಬಹುದು, ಶೂಟಿಂಗಿಗೆಂದು ನಾಲ್ಕೇ ಹೊಲಿದ ಉಡುಪಿಗೆ ಜಾಸ್ತಿ ಇರಬಹುದು.

ಎರಡನೆಯದು ಚಿತ್ರ, ಗೊಂಬೆ ಮಾಡುವವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕಾಯ್ದೆಯ 14ನೇ ಕಲಮಿನಲ್ಲಿ, ಚಿತ್ರೀಕರಿಸಿದ ಯಾವುದೇ ದೃಶ್ಯದ ಫೋಟೊ ತೆಗೆಯುವ ಹಕ್ಕೂ ನಿರ್ಮಾಪಕರದ್ದೇ. ಹಾಗಾಗಿ ಸ್ಕ್ರೀನ್‌ಶಾಟ್ ಕತ್ತರಿಸಿ ಗೊಂಬೆಗೆ ಅಂಟಿಸಿದರೆ ನೆಲೆ ತುಂಬಾ ದುರ್ಬಲ. ನೋಡಿ ಕೈಯಿಂದ ಬರೆದರೆ? ಈ ಬಗ್ಗೆ ಬಾಂಬೆ ಹೈಕೋರ್ಟಿನ ಒಂದು ಹಳೆಯ ತೀರ್ಪು ಇದೆ. 2000ರ ದಶಕದ ಶುರುವಿನಲ್ಲಿ 'ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ' ಧಾರಾವಾಹಿಯನ್ನು ಹೋಲುವ ಒಂದು ಸೋಪು ಪುಡಿ ಜಾಹೀರಾತಿನ ಮೇಲೆ ಸ್ಟಾರ್ ಇಂಡಿಯಾ ಕೇಸು ಹಾಕಿತ್ತು. ಬೇರೆಯಾಗಿ ಚಿತ್ರೀಕರಿಸಿದ್ದು ಮೂಲ ಚಿತ್ರದ ಪ್ರತಿ ಆಗಲ್ಲ ಎಂದು ಕೋರ್ಟ್ ಹೇಳಿತು. ದೆಹಲಿ ಹೈಕೋರ್ಟ್ 2019ರಲ್ಲಿ ಎರಡು ಟೈರ್ ಕಂಪನಿಗಳ ಕೇಸಿನಲ್ಲಿ ಬೇರೆ ದಾರಿ ಹಿಡಿದು, ಗಣನೀಯವಾಗಿ ಹೋಲಿದರೂ ಸಾಕು ಎಂದಿತು. ಹಾಗಾಗಿ ಕೈಯಿಂದ ಬರೆದದ್ದಕ್ಕೆ ವಾದ ಮಾಡಲು ಜಾಗ ಇದೆ, ಖಾತ್ರಿ ಇಲ್ಲ. ಇನ್ನು ವಿನ್ಯಾಸಕರ ಮೂಲ ರೇಖಾಚಿತ್ರ ಕಲಾಕೃತಿ ಆದ್ದರಿಂದ ಅದನ್ನು ನೇರವಾಗಿ ಟ್ರೇಸ್ ಮಾಡುವುದು ಬೇರೆಯೇ ತಪ್ಪು. ಎದೆಯ ಮೇಲಿನ ಲಾಂಛನ ಟ್ರೇಡ್‌ಮಾರ್ಕ್ ಕೂಡ ಆಗಿರಬಹುದು.

ಮೂರನೆಯದು ಮುಖ. ಮಳೆಗಾಲದಲ್ಲಿ ಮುಂಬೈಗೆ ಬರುವ ಯಕ್ಷಗಾನ ತಂಡಗಳ ಆಟ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಬಣ್ಣದ ವೇಷ ರಂಗಕ್ಕೆ ಬಂದಾಗ ಪಾತ್ರ ಯಾವುದು ಎಂದು ವೇಷವೇ ಹೇಳುತ್ತದೆ, ಒಳಗಿರುವ ಕಲಾವಿದ ಯಾರು ಅನ್ನೋದು ಆಮೇಲಿನ ಮಾತು. ವೇಷ ಬೇರೆ, ಕಲಾವಿದ ಬೇರೆ. ಡಿಸ್ನಿ ಒಪ್ಪಂದದಿಂದ ನಟರ ಮುಖ, ಧ್ವನಿಯನ್ನು ಹೊರಗಿಟ್ಟಿದ್ದೂ ಈ ಕಾರಣಕ್ಕೇ ಇರಬೇಕು. ಬಟ್ಟೆ ಕಂಪನಿಯದ್ದಾಗಬಹುದು, ಮುಖ ನಟರದ್ದು. ಬಾಂಬೆ ಹೈಕೋರ್ಟ್ ಈ ವಿಷಯದಲ್ಲಿ ಗಟ್ಟಿಯಾಗಿದೆ. 2024ರಲ್ಲಿ ಅರಿಜಿತ್ ಸಿಂಗ್, 2025ರಲ್ಲಿ ಆಶಾ ಭೋಸ್ಲೆ ಅವರ ಧ್ವನಿ ಮತ್ತು ರೂಪವನ್ನು ಎಐ ಮೂಲಕ ಬಳಸುವುದಕ್ಕೆ ಅದು ತಡೆ ಕೊಟ್ಟಿತು. ಆದ್ದರಿಂದ ಗೊಂಬೆಯ ಮುಖ ನಟರನ್ನು ಹೋಲದೆ ಸಾಮಾನ್ಯವಾಗಿದ್ದರೆ ಒಂದು ದೊಡ್ಡ ತೊಂದರೆ ಅಲ್ಲಿಗೇ ತಪ್ಪಿತು.

ಕಂಪನಿಗಳು ಏನು ಹೇಳುತ್ತವೆ

ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಉಡುಪಿಗೆ ದುಡ್ಡು ಸುರಿದವರು ಅವರು. ಆ ವೇಷದ ಆಟಿಕೆ, ಟೀಶರ್ಟ್, ಮೊಬೈಲ್ ಗೇಮ್ ಮಾರುವ ಹಕ್ಕನ್ನು ಬೇರೆಯವರಿಗೆ ಲೈಸೆನ್ಸ್ ಕೊಟ್ಟಿರುತ್ತಾರೆ. ಬಿಟ್ಟಿ ಗೊಂಬೆ ಇವತ್ತು ಬಿಟ್ಟಿ, ನಾಳೆ ಅದನ್ನೇ ಇನ್ಯಾರೋ ಮಾರಬಹುದು.

ಇದು ನಡೆದೂ ಇದೆ. 2008ರಲ್ಲಿ ಬಿಬಿಸಿ, ಡಾಕ್ಟರ್ ಹೂ ಸರಣಿಯ ಜೀವಿಗಳ ಹೆಣಿಗೆ ನಮೂನೆಗಳನ್ನು ಬಿಟ್ಟಿಯಾಗಿ ಹಂಚುತ್ತಿದ್ದ ಫ್ಯಾನ್ ಒಬ್ಬರಿಗೆ ಅವನ್ನು ತೆಗೆಯಲು ಹೇಳಿತು. ಆ ನಮೂನೆ ನೋಡಿ ಬೇರೆ ಯಾರೋ ಗೊಂಬೆ ಹೆಣೆದು ಇಬೇಯಲ್ಲಿ ಮಾರುತ್ತಿದ್ದರು. 2013ರಲ್ಲಿ ಫೈರ್‌ಫ್ಲೈ ಸರಣಿಯ ಜೇನ್ ಎಂಬ ಪಾತ್ರದ ಉಣ್ಣೆ ಟೋಪಿಯ ಸರದಿ. ವರ್ಷಗಟ್ಟಲೆ ಫ್ಯಾನ್‌ಗಳೇ ಹೆಣೆದು ಎಟ್ಸಿ ಎಂಬ ಮಾರಾಟ ತಾಣದಲ್ಲಿ ಮಾರುತ್ತಿದ್ದ ಟೋಪಿಯದು. ಅಧಿಕೃತ ಟೋಪಿಗೆ ಲೈಸೆನ್ಸ್ ಕೊಟ್ಟ ಮೇಲೆ ಸರಣಿಯ ಹಕ್ಕುದಾರ ಕಂಪನಿ ಫಾಕ್ಸ್ ಅವರಿಗೆಲ್ಲ ನೋಟಿಸ್ ಕಳಿಸಿತು. ಫ್ಯಾನ್‌ಗಳು ಎಷ್ಟು ಸಿಟ್ಟಾದರೆಂದರೆ, ಅಧಿಕೃತ ಟೋಪಿ ಮಾರುತ್ತಿದ್ದ ಥಿಂಕ್‌ಗೀಕ್ ಅದರ ಲಾಭವನ್ನು ಫ್ಯಾನ್‌ಗಳ ದಾನ ಕಾರ್ಯಕ್ರಮಕ್ಕೆ ಕೊಡುತ್ತೇನೆ ಎಂದಿತು. ಎರಡೂ ಕಡೆ ಕಾರಣ ಒಂದೇ. ಅಭಿಮಾನ ಇದ್ದಷ್ಟು ದಿನ ಕಂಪನಿ ಸುಮ್ಮನಿತ್ತು, ತನ್ನ ವ್ಯಾಪಾರದ ಪ್ರಶ್ನೆ ಬಂದ ಕೂಡಲೇ ಎದ್ದಿತು.

ಸ್ಟಾರ್ ಟ್ರೆಕ್ ಕಥೆ ಇನ್ನೂ ದೊಡ್ಡದು. ಆಕ್ಸನಾರ್ ಎಂಬ ಫ್ಯಾನ್ ಚಿತ್ರಕ್ಕೆ ಜನರಿಂದ 10 ಲಕ್ಷ ಡಾಲರ್‌ಗೂ ಹೆಚ್ಚು ಹಣ ಸೇರಿತ್ತು. 2015ರ ಕೊನೆಯಲ್ಲಿ ಸ್ಟಾರ್ ಟ್ರೆಕ್‌ನ ಹಕ್ಕುದಾರ ಕಂಪನಿಗಳಾದ ಪ್ಯಾರಮೌಂಟ್ ಮತ್ತು ಸಿಬಿಎಸ್ ಕೇಸು ಹಾಕಿದವು, 2017ರ ಜನವರಿಯಲ್ಲಿ ರಾಜಿಯಾಯಿತು. ನಡುವೆ 2016ರ ಜೂನ್‌ನಲ್ಲಿ ಕಂಪನಿಗಳು ಫ್ಯಾನ್ ಚಿತ್ರಗಳಿಗೆ ಬರೆದ ನಿಯಮ ಹೊರತಂದವು. ಕಥೆ 15 ನಿಮಿಷದೊಳಗೆ, ಹೆಚ್ಚೆಂದರೆ ಎರಡು ಭಾಗ ಸೇರಿ 30 ನಿಮಿಷ. ಸಂಗ್ರಹಿಸುವ ಹಣ 50,000 ಡಾಲರ್ ಮೀರಬಾರದು. ಅಂಗಡಿಯ ಸಮವಸ್ತ್ರ ಬಳಸಿದರೆ ಅದು ಅಧಿಕೃತವೇ ಆಗಿರಬೇಕು. ನಿಯಮಗಳು ಬಿಗಿ ಎಂದು ಹಲವರು ಬೇಸರಪಟ್ಟರು. ಬೇಸರ ಸಹಜ, ಆದರೂ ಗೆರೆ ಎಲ್ಲಿದೆ ಎಂದು ಗೊತ್ತಾಯಿತಲ್ವಾ? ತೊಂದರೆ ಏನೆಂದರೆ ಅದು ಚಿತ್ರ ಮಾಡುವವರಿಗೆ ಬರೆದದ್ದು, ಗೊಂಬೆ ಮಾಡುವವರಿಗಲ್ಲ.

ಅಮ್ಮನ ಹೆದರಿಕೆಯಲ್ಲಿ ಎಷ್ಟು ನಿಜ

ಕಾಯ್ದೆಯ 63ನೇ ಕಲಮಿನಲ್ಲಿ ಗೊತ್ತಿದ್ದೂ ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಇದೆ. 2022ರಲ್ಲಿ ಸುಪ್ರೀಂ ಕೋರ್ಟ್ ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ತಾನಾಗೇ ಸಿಗದ ಅಪರಾಧ ಎಂದು ಹೇಳಿದೆ. ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೆ ವ್ಯಾಪಾರದ ಲಾಭಕ್ಕೆ ಮಾಡದಿದ್ದರೆ ಶಿಕ್ಷೆ ಇಳಿಸಲು ಅದೇ ಕಲಮು ಕೋರ್ಟಿಗೆ ಅವಕಾಶ ಕೊಟ್ಟಿದೆ. ಹೊರದೇಶದ ಸ್ಟುಡಿಯೊ ಒಂದು ಬಿಟ್ಟಿ ಗೊಂಬೆಗಾಗಿ ಡೊಂಬಿವಲಿ ಪೊಲೀಸ್ ಠಾಣೆಗೆ ಬರುವ ಸಾಧ್ಯತೆ ತೀರಾ ಕಡಿಮೆ. ಅಷ್ಟರಮಟ್ಟಿಗೆ ಸೋದರಮಾವನ ಮಾತು ಸರಿ.

'ಸುಮ್ನೆ ಆಟ' ಅನ್ನೋದು ಮಾತ್ರ ಸರಿಯಲ್ಲ. ಅಮೆರಿಕದ ಫೇರ್ ಯೂಸ್ (ನ್ಯಾಯವಾದ ಬಳಕೆ) ನಿಯಮದಲ್ಲಿ ಉದ್ದೇಶ, ಮಾರುಕಟ್ಟೆಗೆ ಆಗುವ ನಷ್ಟ ಎಲ್ಲವನ್ನೂ ತೂಗಿ ನೋಡುತ್ತಾರೆ. ನಮ್ಮ 52ನೇ ಕಲಮು ಹಾಗಲ್ಲ. ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ಸುದ್ದಿ ಹೀಗೆ ಒಂದು ಪಟ್ಟಿ ಇದೆ, ಅದರೊಳಗೆ ಬಂದರೆ ಉಂಟು. ಮನೆಯಲ್ಲಿ ಬರೆದಿಟ್ಟುಕೊಂಡರೆ ಖಾಸಗಿ, ಊರಿಗೆಲ್ಲ ಹಂಚಿದರೆ ಅಲ್ಲ. ಲಾಭ ಇಲ್ಲದ ಅಭಿಮಾನದ ಕೃತಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಇದು ನಮ್ಮ ಕಾನೂನಿನ ದೊಡ್ಡ ಕೊರತೆ ಎಂದು ನಾನು ಭಾವಿಸುತ್ತೇನೆ.

ಪೆಟ್ಟು ನಿಜವಾಗಿ ಬೀಳುವ ಜಾಗ

ಕೋರ್ಟಿಗಿಂತ ಮುಂಚೆಯೇ ಗೊಂಬೆ ಸತ್ತಿರುತ್ತದೆ. ಹೆಚ್ಚಿನ ತಾಣಗಳು ಅಮೆರಿಕದವು, ಅಲ್ಲಿನ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾನೂನಿನಂತೆ ನಡೆಯುತ್ತವೆ. ದೂರು ಬಂದರೆ ಮೊದಲು ತೆಗೆಯುತ್ತಾರೆ. ಇದು ತಪ್ಪು ಎಂದು ಹುಡುಗಿ ಮರುನೋಟಿಸ್ ಕೊಡಬಹುದು. ಆಗ ಕಂಪನಿ ಕೇಸು ಹಾಕದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಗೊಂಬೆ ವಾಪಸು ಬರಬೇಕು. ಆದರೆ ಮರುನೋಟಿಸ್‌ನಲ್ಲಿ ನಿಜವಾದ ಹೆಸರು, ವಿಳಾಸ ಕೊಡಬೇಕು, ಅಮೆರಿಕದ ಕೋರ್ಟಿನ ಅಧಿಕಾರಕ್ಕೆ ಒಪ್ಪಬೇಕು. ಕಾಲೇಜು ಹುಡುಗಿ ಆ ಸಹಿ ಹಾಕುತ್ತಾಳಾ? ಅವಳ ಪರವಾಗಿ ಒಳ್ಳೆಯ ವಾದ ಇದ್ದರೂ ಅದನ್ನು ಯಾರೂ ಕೇಳುವುದಿಲ್ಲ. ನಮ್ಮ ನಿಯಮದಲ್ಲೂ ದೂರು ಬಂದ 36 ಗಂಟೆಯೊಳಗೆ ತಡೆಯಬೇಕು ಎಂದಿದೆ. ಆದರೆ ದೂರು ಕೊಟ್ಟವರು 21 ದಿನದಲ್ಲಿ ಕೋರ್ಟ್ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಈ ಏರ್ಪಾಡು ಹೆಚ್ಚು ನ್ಯಾಯದ್ದು.

ಎರಡನೇ ಸಾವು ತಂತ್ರಜ್ಞಾನದ್ದು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್ ನಿಲ್ಲಿಸಿತು. ಮರುತಿಂಗಳು 12ರಿಂದ ಫ್ಲ್ಯಾಶ್ ಫೈಲ್‌ಗಳು ಓಡುವುದನ್ನೇ ತಡೆಯಿತು. ಯಾರೂ ದೂರು ಕೊಡದಿದ್ದರೂ ಒಂದು ಇಡೀ ಕಾಲದ ಗೊಂಬೆಗಳು ಕೈಗೆ ಸಿಗದಾದವು. ರಫಲ್ ಎಂಬ ಮುಕ್ತ ತಂತ್ರಾಂಶದಿಂದ ಇಂಟರ್ನೆಟ್ ಆರ್ಕೈವ್ ಕೆಲವನ್ನು ಮತ್ತೆ ಓಡಿಸುತ್ತಿದೆ. ಫೈಲ್ ಉಳಿಸಿಕೊಂಡವರದ್ದು ಮಾತ್ರ ಬದುಕಿತು.

ಎಐ ಬಂದ ಮೇಲೆ

2025ರ ಡಿಸೆಂಬರ್‌ನಲ್ಲಿ ನಮ್ಮ ಸರ್ಕಾರದ ಕೈಗಾರಿಕಾ ಉತ್ತೇಜನ ಇಲಾಖೆ ಒಂದು ಚರ್ಚಾ ಪತ್ರ ಹೊರತಂದಿತು. ಕಾನೂನುಬದ್ಧವಾಗಿ ಸಿಗುವ ಕೃತಿಗಳನ್ನೆಲ್ಲ ಎಐ ತರಬೇತಿಗೆ ಬಳಸಲಿ, ಬದಲಿಗೆ ಹಕ್ಕುದಾರರಿಗೆ ಕಡ್ಡಾಯವಾಗಿ ರಾಯಲ್ಟಿ ಕೊಡಲಿ ಅನ್ನೋದು ಅದರ ಸಲಹೆ. ಇದನ್ನು ಗೊಂಬೆಯ ಕಡೆಯಿಂದ ನೋಡಿ. ಹುಡುಗಿ ಬರೆದ ನೂರಾರು ಲೇಯರ್‌ಗಳು ಯಂತ್ರಕ್ಕೆ ಚೆನ್ನಾದ ಪಾಠ. ರಾಯಲ್ಟಿ ಕೇಳಲು ಹೋದರೆ, ಈ ಉಡುಪು ನಿನ್ನದಲ್ಲ ಎಂಬ ಉತ್ತರ ಬರಬಹುದು. ಅವಳು ಕಲಿತು ಬರೆದದ್ದು ಉಲ್ಲಂಘನೆ, ಅವಳ ಚಿತ್ರದಿಂದ ಯಂತ್ರ ಕಲಿತದ್ದು ಲೈಸೆನ್ಸ್ ಪಡೆದ ವ್ಯವಹಾರ ಆಗಿಬಿಡುತ್ತದೆ. ದೊಡ್ಡ ಕಂಪನಿಗಳು ಒಂದಕ್ಕೊಂದು ಹಣ ಕೊಟ್ಟು ರಾಜಿಯಾಗುವುದು ಹೆಚ್ಚಿದಷ್ಟೂ 'ಬಿಟ್ಟಿಯಾಗಿದ್ದರೆ ಬಿಡೋಣ' ಎಂಬ ಹಳೆಯ ಸಹನೆ ಕಡಿಮೆ ಆಗಬಹುದು, ಏಕೆಂದರೆ ಈಗ ಅದೇ ಆಟಕ್ಕೆ ಬೆಲೆ ಕಟ್ಟಲಾಗಿದೆ.

ಇದಕ್ಕೆ ಪರಿಹಾರ ಇದೆ. ಸ್ಟುಡಿಯೊಗಳು ಚಿತ್ರಕ್ಕೆ ಬರೆದಂಥ ನಿಯಮವನ್ನು ಚಿತ್ರಕಲೆ, ಗೊಂಬೆ, ಹೆಣಿಗೆಗೂ ಬರೆಯಲಿ. ಸಂಸತ್ತು 52ನೇ ಕಲಮಿಗೆ ಲಾಭವಿಲ್ಲದ ಅಭಿಮಾನದ ಕೃತಿಗಳನ್ನು ಸೇರಿಸಲಿ.

ಅಲ್ಲಿಯವರೆಗೆ

ಸ್ಕ್ರೀನ್‌ಶಾಟ್ ಅಂಟಿಸಬೇಡಿ, ಟ್ರೇಸ್ ಮಾಡಬೇಡಿ, ನೋಡಿ ಬರೆಯಿರಿ. ಮುಖ ನಟರದ್ದಾಗಿರದಿರಲಿ. ಲಾಂಛನವನ್ನು ಬೇರೆ ಲೇಯರ್‌ನಲ್ಲಿಡಿ, ಆಕ್ಷೇಪ ಬಂದರೆ ಅದೊಂದನ್ನೇ ತೆಗೆಯಬಹುದು. ಪ್ರತಿ ಉಡುಪಿನ ಜೊತೆ ವಿನ್ಯಾಸಕರ ಹೆಸರು, ಸೀಸನ್, ಬಟ್ಟೆಯ ವಿವರ, ನಿಮ್ಮ ಟಿಪ್ಪಣಿ ಬರೆಯಿರಿ. ಅದು ಓದುವವರಿಗೆ ಉಪಕಾರ, ವಿಮರ್ಶೆ ಎಂದು ವಾದಿಸಲು ನಿಮಗೂ ಆಧಾರ. ಕಾಸು ತೆಗೆದುಕೊಂಡು ಬೇರೆಯವರಿಗೆ ಗೊಂಬೆ ಮಾಡಿಕೊಡುವುದಾದರೆ ಇದುವರೆಗೆ ಹೇಳಿದ ಸಮಾಧಾನಗಳು ಬಹುಪಾಲು ಅನ್ವಯಿಸುವುದಿಲ್ಲ, ಆಗ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ನೋಟಿಸ್ ಬಂದರೆ ಖಾತೆಯನ್ನೇ ಅಳಿಸಿ ಓಡಬೇಡಿ. ಯಾರು ಕಳಿಸಿದ್ದು, ಯಾವ ಚಿತ್ರದ ಮೇಲೆ ಎಂದು ಮೊದಲು ಓದಿ. ಎಲ್ಲಕ್ಕಿಂತ ಮುಂಚೆ, ಇವತ್ತೇ, ಲೇಯರ್ ಬಿಡಿಬಿಡಿಯಾಗಿರುವ ಮೂಲ ಫೈಲ್‌ಗಳನ್ನು ದಿನಾಂಕ ಸಮೇತ ನಿಮ್ಮದೇ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ, ಇನ್ನೊಂದು ಕಡೆ ಇನ್ನೊಂದು ಪ್ರತಿ ಇಡಿ.